ಶಿಕಾಗೋ ಸಮಾವೇಶ 2024: ಭಾಷಣಗಳ ಬಗ್ಗೆ ಇಲ್ಲಿ ಮಾತನಾಡೋಣ

ದೀವಟಿಗೆ (ಬೆಂಗಳೂರು), ಆಗಸ್ಟ್ 20

ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಾವೇಶ ಶಿಕಾಗೋದ ಯುನೈಟೆಡ್ ಸೆಂಟರ್ ಸಭಾಂಗಣದಲ್ಲಿ ಶುರುವಾಗಿದೆ. ಅಲ್ಲಿನ ಗುರುವಾರ ರಾತ್ರಿಯವರೆಗೆ, ಅಂದರೆ ನಮಗೆ ಶುಕ್ರವಾರ ಬೆಳಗಿನವರೆಗೆ, ಭಾಷಣಗಳದ್ದೇ ಸುಗ್ಗಿ. ಒಂದೊಂದು ಭಾಷಣಕ್ಕೆ ಒಂದೊಂದು ಎಳೆ ತೆರೆಯುವುದು ಬೇಡ, ಎಲ್ಲವೂ ಇಲ್ಲೇ ಇರಲಿ. ಯಾವ ಪಕ್ಷ ಒಳ್ಳೆಯದು ಎಂಬ ಜಗಳಕ್ಕೆ ಬೇರೆ ಜಾಗವಿದೆ. ಇಲ್ಲಿ ಯಾರು ಏನು ಹೇಳಿದರು, ಹೇಗೆ ಹೇಳಿದರು ಎಂಬುದಷ್ಟೇ. (ಈ ನಿಯಮ ಎಷ್ಟು ಹೊತ್ತು ಬಾಳುತ್ತದೆ ಎಂಬುದು ನನಗೂ ಗೊತ್ತು.)

ಮೊದಲ ದಿನದ ಮುಖ್ಯ ಭಾಷಣ ಜೋ ಬೈಡನ್ ಅವರದು. ಜುಲೈ 21ರಂದು ಅಧ್ಯಕ್ಷ ಚುನಾವಣೆಯ ಕಣದಿಂದ ಹಿಂದೆ ಸರಿದು ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಅವರಿಗೆ ದಾರಿ ಬಿಟ್ಟವರು. ಹಿಂದೆ ಸರಿಯಿರಿ ಎಂದು ಒತ್ತಡ ಹಾಕಿದ ಪಕ್ಷವೇ ನಿನ್ನೆ ಎದ್ದು ನಿಂತು "ಥ್ಯಾಂಕ್ ಯೂ ಜೋ" ಎಂದು ಕೂಗಿತು. ನನಗೆ ಕಂಡಂತೆ ಅದು ವಿದಾಯ ಭಾಷಣವೇ ಅಲ್ಲ. ಅಭ್ಯರ್ಥಿಯಾಗಿ ಮಾಡಬೇಕಿದ್ದ ಭಾಷಣದ ಅಂಚಿಗೆ ವಿದಾಯವನ್ನು ಹೊಲಿದಿದ್ದರು. ಇನ್ಸುಲಿನ್ ಬೆಲೆ, ರಸ್ತೆ ಸೇತುವೆಗಳು, ಉಕ್ರೇನ್ ಎಲ್ಲವೂ ಪಟ್ಟಿಯಾಗಿ ಬಂದವು. ಕಡೆಯಲ್ಲಿ, ಅಮೆರಿಕವೇ, ನನ್ನಲ್ಲಿದ್ದ ಶ್ರೇಷ್ಠವಾದುದನ್ನು ನಿನಗೆ ಕೊಟ್ಟೆ ಎಂದಾಗ ಮಾತ್ರ ಪಟ್ಟಿಯ ಹಿಂದಿನಿಂದ ಮನುಷ್ಯ ಹೊರಗೆ ಬಂದರು.

ಹಳೆಯ ಮೇಷ್ಟ್ರು (ಮೈಸೂರು), ಆಗಸ್ಟ್ 20

ಹೊಲಿಗೆ ನನಗೂ ಕಾಣಿಸಿತು. ಆದರೆ ಹೊತ್ತಿನ ಲೆಕ್ಕವನ್ನೂ ಹಿಡಿಯಬೇಕು. ಅವರು ವೇದಿಕೆಗೆ ಬಂದಾಗ ಶಿಕಾಗೋದಲ್ಲಿ ರಾತ್ರಿ ಹತ್ತೂವರೆ, ಪೂರ್ವ ಕರಾವಳಿಯಲ್ಲಿ ಹನ್ನೊಂದೂವರೆ. ನಾನು ತಿಂಡಿ ಮುಗಿಸಿ ಆರಾಮವಾಗಿ ಕುಳಿತು ನೋಡಿದೆ. ಮತ ಹಾಕಬೇಕಾದ ಪೆನ್ಸಿಲ್ವೇನಿಯಾದ ಕಾರ್ಮಿಕ ಅಷ್ಟು ಹೊತ್ತಿಗೆ ಮಲಗಿರುತ್ತಾನೆ. ಸಮಯ ಮೀರಿತೆಂದು ಜೇಮ್ಸ್ ಟೇಲರ್ ಅವರ ಹಾಡನ್ನೇ ಕೈಬಿಟ್ಟರು. 1972ರಲ್ಲಿ ಮಯಾಮಿ ಬೀಚ್‌ನಲ್ಲಿ ಇದೇ ಪಕ್ಷದ ಜಾರ್ಜ್ ಮೆಕ್‌ಗವರ್ನ್ ಒಪ್ಪಿಗೆಯ ಭಾಷಣಕ್ಕೆ ನಿಂತಾಗ ಬೆಳಗಿನ ಜಾವ ಮೂರಾಗುತ್ತಾ ಬಂದಿತ್ತು. ಅರ್ಧ ಶತಮಾನ ಕಳೆದರೂ ಇವರಿಗೆ ಗಡಿಯಾರ ನೋಡುವುದು ಬರಲಿಲ್ಲ.

ಇಡೀ ಭಾಷಣದಲ್ಲಿ ನಾನು ಗುರುತು ಹಾಕಿಕೊಂಡದ್ದು ಒಂದೇ ಮಾತನ್ನು. ಬೀದಿಯಲ್ಲಿ ಪ್ರತಿಭಟಿಸುತ್ತಿರುವವರ ಮಾತಿನಲ್ಲೂ ಹುರುಳಿದೆ, ಎರಡೂ ಕಡೆ ಅನೇಕ ಅಮಾಯಕರು ಸಾಯುತ್ತಿದ್ದಾರೆ ಎಂದರು. ಗಾಜಾದ ವಿಷಯದಲ್ಲಿ ಆ ಬೀದಿಯವರು ಬೈಯುತ್ತಿರುವುದು ಇವರನ್ನೇ. ಮುಂದಿನ ಮೂರು ರಾತ್ರಿಗಳಲ್ಲಿ ಆ ಮಾತನ್ನು ಎತ್ತಿಕೊಳ್ಳುವವರು ಯಾರಾದರೂ ಇದ್ದಾರೆಯೇ ಎಂದು ನೋಡುತ್ತಿರುತ್ತೇನೆ.

ಟೆಕ್ಸಾಸ್‌ವಾಸಿ, ಆಗಸ್ಟ್ 20

ಕಳೆದ ತಿಂಗಳು ಮಿಲ್ವಾಕಿಯಲ್ಲಿ ರಿಪಬ್ಲಿಕನ್ ಸಮಾವೇಶ ನಡೆದಾಗ ಇಲ್ಲಿ ಒಂದು ಎಳೆಯೂ ತೆರೆಯಲಿಲ್ಲ ಎಂಬುದನ್ನು ದಾಖಲೆಗಾಗಿ ಹೇಳಿಬಿಡುತ್ತೇನೆ. ಜುಲೈ 13ರಂದು ಗುಂಡೇಟು ತಿಂದ ಟ್ರಂಪ್, 18ರಂದು ಕಿವಿಗೆ ಪಟ್ಟಿ ಕಟ್ಟಿಕೊಂಡು ಬಂದು, ಅದೇ ಸಭೆಯಲ್ಲಿ ಸತ್ತ ಅಗ್ನಿಶಾಮಕ ದಳದವರ ಶಿರಸ್ತ್ರಾಣಕ್ಕೆ ಮುತ್ತಿಟ್ಟರು. ವೇದಿಕೆಯ ಮೇಲೆ ಅಂಥದ್ದನ್ನು ಈ ನಾಲ್ಕು ದಿನಗಳಲ್ಲಿ ಯಾರಾದರೂ ಮಾಡಿ ತೋರಿಸಲಿ. ಉಪಾಧ್ಯಕ್ಷ ಸ್ಥಾನದ ರಿಪಬ್ಲಿಕನ್ ಅಭ್ಯರ್ಥಿ ಜೆ.ಡಿ. ವ್ಯಾನ್ಸ್ ಅವರ ಪತ್ನಿ ಉಷಾ ವ್ಯಾನ್ಸ್ ಅವರ ಮಾತನ್ನೂ ಯಾರೂ ಪ್ರಸ್ತಾಪಿಸಲಿಲ್ಲ. ಗಂಡ ತನ್ನ ಸಸ್ಯಾಹಾರಕ್ಕೆ ಹೊಂದಿಕೊಂಡು ಅತ್ತೆಗಾಗಿ ಭಾರತೀಯ ಅಡುಗೆ ಕಲಿತ ಎಂದು ರಿಪಬ್ಲಿಕನ್ ವೇದಿಕೆಯ ಮೇಲೆ ಒಬ್ಬ ತೆಲುಗು ಮನೆಯ ಮಗಳು ಹೇಳಿದಳು. ಹತ್ತು ವರ್ಷದ ಹಿಂದೆ ಇದನ್ನು ಊಹಿಸಲು ಸಾಧ್ಯವಿತ್ತೇ?

ದೀವಟಿಗೆ, ಆಗಸ್ಟ್ 20

ಉಷಾ ಅವರದು ಚಿಕ್ಕದಾಗಿ, ಚೊಕ್ಕವಾಗಿ ಇತ್ತು. ಟ್ರಂಪ್ ಅವರ ಮೊದಲ ಇಪ್ಪತ್ತು ನಿಮಿಷಗಳನ್ನೂ ಒಪ್ಪುತ್ತೇನೆ. ಗುಂಡಿನ ಸದ್ದು ಕೇಳಿದ್ದನ್ನು ತಗ್ಗಿದ ದನಿಯಲ್ಲಿ ಹೇಳಿದರು, ಇದನ್ನು ಮತ್ತೆ ಹೇಳುವುದಿಲ್ಲ, ಹೇಳಲು ನೋವಾಗುತ್ತದೆ ಎಂದರು. ಅಲ್ಲಿಗೆ ಮುಗಿಸಿದ್ದರೆ ನೀವು ಹೇಳಿದ್ದೆಲ್ಲ ನಿಜವಾಗುತ್ತಿತ್ತು. ಅದು ತೊಂಬತ್ತು ನಿಮಿಷಗಳನ್ನೂ ದಾಟಿತು. ಸಮಾವೇಶಗಳ ಇತಿಹಾಸದಲ್ಲೇ ಅತಿ ದೀರ್ಘ ಒಪ್ಪಿಗೆಯ ಭಾಷಣವದು. ಹಳೆಯ ದಾಖಲೆಯೂ ಅವರದೇ, 2016ರದ್ದು.

ಮಿಷಿಗನ್ ಕನ್ನಡತಿ, ಆಗಸ್ಟ್ 20

ನಾನು ಡೆಟ್ರಾಯ್ಟ್ ಹತ್ತಿರ ಇರುವವಳು. ನಮ್ಮ ಕಡೆ ಬೆಳಿಗ್ಗೆ ಎಲ್ಲರ ಬಾಯಲ್ಲಿ ಇದ್ದದ್ದು ಬೈಡನ್ ಅಲ್ಲ, ವಾಹನ ಕಾರ್ಮಿಕರ ಸಂಘದ ಅಧ್ಯಕ್ಷ ಶಾನ್ ಫೇನ್. ಕೋಟು ಕಳಚಿ ಕೆಂಪು ಟೀ ಶರ್ಟ್ ತೋರಿಸಿದರು. ಟ್ರಂಪ್ ಮುಷ್ಕರ ಮುರಿಯುವವರ ಜಾತಿ ಎಂಬ ಅರ್ಥದ ಬರಹ ಅದರ ಮೇಲೆ. ಟೆಕ್ಸಾಸ್‌ನವರು ಮಿಲ್ವಾಕಿಯ ಮಾತೆತ್ತಿದ್ದಕ್ಕೆ ಸೇರಿಸುತ್ತೇನೆ: ಅಲ್ಲಿ ಲಾರಿ ಚಾಲಕರ ಸಂಘವಾದ ಟೀಮ್‌ಸ್ಟರ್ಸ್‌ನ ಅಧ್ಯಕ್ಷ ಶಾನ್ ಒಬ್ರಯನ್ ಮಾತನಾಡಿದರು. ಆ ಸಂಘದ ಅಧ್ಯಕ್ಷರೊಬ್ಬರು ರಿಪಬ್ಲಿಕನ್ ಸಮಾವೇಶದಲ್ಲಿ ಮಾತನಾಡಿದ್ದು ಅದೇ ಮೊದಲು. ಈ ಸಲದ ಚುನಾವಣೆ ಎಲ್ಲಿ ನಡೆಯುತ್ತಿದೆ ಎಂಬುದು ಈ ಎರಡು ಭಾಷಣಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ.

ಮೇಷ್ಟ್ರೇ, ಗಾಜಾದ ಬಗ್ಗೆ ನಿನ್ನೆ ಇನ್ನೊಬ್ಬರೂ ಮಾತನಾಡಿದರು. ಕಮಲಾ ಕದನ ವಿರಾಮಕ್ಕಾಗಿ ದಣಿವಿಲ್ಲದೆ ದುಡಿಯುತ್ತಿದ್ದಾರೆ ಎಂದು ಸಂಸದೆ ಅಲೆಕ್ಸಾಂಡ್ರಿಯಾ ಒಕಾಸಿಯೊ ಕಾರ್ಟೆಜ್ ಹೇಳಿದರು. ಸಭಾಂಗಣದಲ್ಲಿ ಭಾರಿ ಚಪ್ಪಾಳೆ. ಅರಬ್ ಮೂಲದವರೇ ಹೆಚ್ಚಿರುವ ಡಿಯರ್‌ಬಾರ್ನ್‌ನಿಂದ ಬರುವ ನನ್ನ ಸಹೋದ್ಯೋಗಿಯೊಬ್ಬಳು ಅದನ್ನು ಕೇಳಿ ಟಿವಿ ಆರಿಸಿದಳಂತೆ. ಫೆಬ್ರುವರಿಯ ಪ್ರಾಥಮಿಕ ಚುನಾವಣೆಯಲ್ಲಿ ನಮ್ಮ ರಾಜ್ಯದಲ್ಲಿ ಬೈಡನ್ ಅವರ ಗಾಜಾ ನೀತಿಯನ್ನು ವಿರೋಧಿಸಿ ಒಂದು ಲಕ್ಷಕ್ಕೂ ಹೆಚ್ಚು ಜನ "ಯಾರಿಗೂ ಬದ್ಧರಲ್ಲ" ಎಂಬ ಚೌಕಕ್ಕೆ ಗುರುತು ಹಾಕಿದ್ದರು. 2016ರಲ್ಲಿ ಟ್ರಂಪ್ ಇಲ್ಲಿ ಗೆದ್ದ ಅಂತರ ಹನ್ನೊಂದು ಸಾವಿರವೂ ಇರಲಿಲ್ಲ.

ತುಂಗಾತೀರ (ಶಿವಮೊಗ್ಗ), ಆಗಸ್ಟ್ 21

ಗೊತ್ತಿಲ್ಲದೆ ಕೇಳುತ್ತೇನೆ, ಬೈಯಬೇಡಿ. ಅಭ್ಯರ್ಥಿ ಯಾರೆಂದು ಮೊದಲೇ ತೀರ್ಮಾನವಾಗಿದ್ದರೆ ನಾಲ್ಕು ದಿನ ಈ ಜಾತ್ರೆ ಯಾಕೆ? ನಿನ್ನೆ ರಾತ್ರಿ ರಾಜ್ಯಗಳ ಹೆಸರು ಕೂಗಿ ಕೂಗಿ ಮತ ಎಣಿಸಿದರಲ್ಲ, ಜಾರ್ಜಿಯಾ ಸರದಿ ಬಂದಾಗ ಒಬ್ಬ ಗಾಯಕ ಹಾಡುತ್ತಲೇ ಇಳಿದು ಬಂದ. ಅದು ನಿಜವಾದ ಮತದಾನವೇ?

ದೀವಟಿಗೆ, ಆಗಸ್ಟ್ 21

ಅಲ್ಲ. ಹಾಡಿಕೊಂಡು ಬಂದದ್ದು ಲಿಲ್ ಜಾನ್, ನಡೆದದ್ದು ಪ್ರದರ್ಶನ. ನಿಜವಾದ ಮತದಾನ ಆಗಸ್ಟ್ 5ಕ್ಕೇ ಅಂತರ್ಜಾಲದ ಮೂಲಕ ಮುಗಿದಿತ್ತು. ಅಭ್ಯರ್ಥಿಯ ಹೆಸರು ಕೊಡಲು ಓಹಾಯೋ ರಾಜ್ಯದಲ್ಲಿದ್ದ ಗಡುವಿನ ಗೊಂದಲ ಅದಕ್ಕೆ ಕೊಟ್ಟ ಕಾರಣ.

ಹಿಂದೆ ಹೀಗಿರಲಿಲ್ಲ. 1924ರಲ್ಲಿ ನ್ಯೂಯಾರ್ಕ್‌ನಲ್ಲಿ ಡೆಮಾಕ್ರಟರು 103 ಸುತ್ತು ಮತ ಹಾಕಿ, ಬೆವರು ಸುರಿಸಿ, ಕೊನೆಗೆ ಜಾನ್ ಡೇವಿಸ್ ಎಂಬವರನ್ನು ಆರಿಸಿದರು. ನವೆಂಬರಿನಲ್ಲಿ ಅವರು ಹೀನಾಯವಾಗಿ ಸೋತರು. ಒಂದಕ್ಕಿಂತ ಹೆಚ್ಚು ಸುತ್ತು ಬೇಕಾದ ಕೊನೆಯ ಸಮಾವೇಶ 1952ರದು, ಅದೂ ಶಿಕಾಗೋದಲ್ಲೇ. ಆಮೇಲೆ ಪ್ರಾಥಮಿಕ ಚುನಾವಣೆಗಳೇ ಎಲ್ಲವನ್ನೂ ತೀರ್ಮಾನಿಸತೊಡಗಿದವು, ಸಮಾವೇಶ ದೂರದರ್ಶನದ ಕಾರ್ಯಕ್ರಮವಾಯಿತು.

ಭಾಷಣವೇ ಅಭ್ಯರ್ಥಿಯನ್ನು ತಂದುಕೊಟ್ಟ ಕಾಲವೂ ಇತ್ತು. 1896ರಲ್ಲಿ, ಇದೇ ನಗರದಲ್ಲಿ, 36 ವರ್ಷದ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಚಿನ್ನದ ನಾಣ್ಯ ನೀತಿಯ ವಿರುದ್ಧ ಮಾತನಾಡಿ, ಮನುಕುಲವನ್ನು ಚಿನ್ನದ ಶಿಲುಬೆಗೆ ಏರಿಸಬೇಡಿ ಎಂದು ತೋಳು ಚಾಚಿ ನಿಂತ. ಮರುದಿನ ಅವನೇ ಅಭ್ಯರ್ಥಿ. ಈಗ ಸಮಾವೇಶದ ಭಾಷಣ ತಯಾರಿಸುವುದು ಮುಂದಿನ ಅಭ್ಯರ್ಥಿಯನ್ನು. 2004ರಲ್ಲಿ ಬೋಸ್ಟನ್‌ನಲ್ಲಿ ಒಬಾಮಾ ಮಾತನಾಡಿದಾಗ ಅವರು ಇಲಿನಾಯ್ ರಾಜ್ಯದ ಶಾಸನಸಭೆಯ ಸದಸ್ಯರಷ್ಟೇ.

ಬಿಸಿಲುನಾಡು (ಕಲಬುರಗಿ), ಆಗಸ್ಟ್ 21

ಇತಿಹಾಸ ಸಾಕು, ಮಿಷೆಲ್ ಒಬಾಮಾ ಬಗ್ಗೆ ಮಾತನಾಡಿ! ಕಚೇರಿಗೆ ಹೋಗುವ ದಾರಿಯಲ್ಲಿ ಬಸ್ಸಿನಲ್ಲಿ ಮೊಬೈಲ್ ಹಿಡಿದು ಕೇಳಿದೆ. ಪಕ್ಕದಲ್ಲಿ ಕುಳಿತಿದ್ದ ಅಕ್ಕ ಯಾಕಮ್ಮ ಅಳುತ್ತಿದ್ದೀಯ ಎಂದು ಕೇಳಿದರು.

ಹಳೆಯ ಮೇಷ್ಟ್ರು, ಆಗಸ್ಟ್ 21

ಅಳು ಬರುವಂತೆಯೇ ಕಟ್ಟಿದ್ದಾರೆ, ಅದರಲ್ಲಿ ತಪ್ಪೇನಿಲ್ಲ. ಕಟ್ಟಿದ ಬಗೆಯನ್ನು ನೋಡಿ. ಆಕೆಯ ತಾಯಿ ಮೇರಿಯನ್ ರಾಬಿನ್ಸನ್ ತೀರಿಕೊಂಡದ್ದು ಈ ಮೇ ತಿಂಗಳಲ್ಲಿ. ಶಿಕಾಗೋ ಆಕೆಯ ಹುಟ್ಟೂರು. ಹಿಂದಿನ ಸಲ ಇಲ್ಲಿಗೆ ಬಂದದ್ದು ತಾಯಿಯ ಸ್ಮರಣೆಗೆ ಎಂದು ಆರಂಭದಲ್ಲೇ ಹೇಳಿದರು. ಅಲ್ಲಿಂದ ಕಮಲಾ ಅವರ ತಾಯಿ ಶ್ಯಾಮಲಾ ಗೋಪಾಲನ್ ಕಡೆಗೆ ದಾಟಿದರು. ಒಬ್ಬರು ಶಿಕಾಗೋದ ದಕ್ಷಿಣ ಭಾಗದ ಕಪ್ಪು ಹೆಂಗಸು, ಇನ್ನೊಬ್ಬರು ಹತ್ತೊಂಬತ್ತನೆಯ ವಯಸ್ಸಿಗೆ ಒಬ್ಬರೇ ಸಮುದ್ರ ದಾಟಿದ ತಮಿಳು ಹುಡುಗಿ. ಸುಮ್ಮನೆ ಕುಳಿತು ದೂರಬೇಡ, ಏನಾದರೂ ಮಾಡು ಎಂಬ ಶ್ಯಾಮಲಾ ಅವರ ಮಾತನ್ನು ಹಿಡಿದು, ಆ ಎರಡೇ ಪದಗಳನ್ನು ಪಲ್ಲವಿ ಮಾಡಿಕೊಂಡು ಸಭಾಂಗಣದಿಂದಲೇ ಕೂಗಿಸಿದರು. ಮನೆಯ ಸಾವಿನಿಂದ ಹೊರಟ ಮಾತು ಮತಗಟ್ಟೆಯ ಮುಂದೆ ಬಂದು ನಿಂತಿತು. ನಡುವೆ ಜೋಡಣೆ ಎಲ್ಲೂ ಕಾಣಲಿಲ್ಲ.

ಕುಟುಕುವುದನ್ನೂ ಬಿಡಲಿಲ್ಲ. ವಲಸಿಗರು "ಕರಿಯರ ಕೆಲಸ"ಗಳನ್ನು ಕಸಿಯುತ್ತಿದ್ದಾರೆ ಎಂದು ಜೂನ್ ತಿಂಗಳ ಚರ್ಚೆಯಲ್ಲಿ ಟ್ರಂಪ್ ಹೇಳಿದ್ದರಲ್ಲ. ಅವರೀಗ ಅರ್ಜಿ ಹಾಕಿಕೊಂಡಿರುವುದೂ ಅಂಥದ್ದೇ ಒಂದು ಕೆಲಸ ಇರಬಹುದು ಎಂದು ಅವರಿಗೆ ತಿಳಿಸುವವರು ಯಾರು ಎಂದು ಕೇಳಿದರು. ದನಿ ಏರಿಸಲಿಲ್ಲ, ಅದಕ್ಕೇ ಅದು ಆಳಕ್ಕೆ ಇಳಿಯಿತು.

ಅವರ ಗಂಡನ ಮಟ್ಟಿಗೆ ಹೇಳುವುದಾದರೆ, ಮಿಷೆಲ್ ಆದ ಮೇಲೆ ಮಾತನಾಡುವಷ್ಟು ದಡ್ಡ ನಾನೊಬ್ಬನೇ ಎಂದು ಅವರೇ ಒಪ್ಪಿಕೊಂಡರು.

ಟೆಕ್ಸಾಸ್‌ವಾಸಿ, ಆಗಸ್ಟ್ 21

ದಡ್ಡತನ ಅಲ್ಲಿಗೆ ನಿಲ್ಲಲಿಲ್ಲ. ಜನಸಂದಣಿಯ ಗಾತ್ರದ ಬಗ್ಗೆ ಟ್ರಂಪ್ ಅವರಿಗಿರುವ ಗೀಳನ್ನು ಹೇಳುತ್ತಾ ಮಾಜಿ ಅಧ್ಯಕ್ಷರು ಎರಡು ಕೈಗಳಿಂದ ಮಾಡಿದ ಸನ್ನೆಯನ್ನು ಎಲ್ಲರೂ ನೋಡಿದ್ದೀರಿ. ಅದೇ ಸನ್ನೆಯನ್ನು ಇನ್ನೊಬ್ಬರು ಮಾಡಿದ್ದರೆ ಈ ಎಳೆ ಈಗಾಗಲೇ ಹತ್ತು ಪುಟ ಓಡುತ್ತಿತ್ತು. ಅವರು ಕೀಳಿಗೆ ಇಳಿದರೆ ನಾವು ಮೇಲಕ್ಕೆ ಏರುತ್ತೇವೆ ಎಂದು 2016ರಲ್ಲಿ ಫಿಲಡೆಲ್ಫಿಯಾದಲ್ಲಿ ಉಪದೇಶಿಸಿದವರು ಅವರ ಹೆಂಡತಿಯೇ. ಏರಿದ್ದು ಎಲ್ಲಿಗೆ?

ದೀವಟಿಗೆ, ಆಗಸ್ಟ್ 21

ಸನ್ನೆ ಅಗ್ಗದ್ದು, ನಿಜ. ಆದರೆ ಅದೇ ಭಾಷಣದ ಎರಡನೆಯ ಅರ್ಧ ಕೇಳಿದಿರಾ? ನಮ್ಮ ಅಪ್ಪನೋ ಅಜ್ಜಿಯೋ ಒಮ್ಮೊಮ್ಮೆ ಮುಜುಗರವಾಗುವ ಮಾತನ್ನಾಡಿದರೆ ಅವರು ಕೆಟ್ಟವರೆಂದು ನಾವು ತೀರ್ಮಾನಿಸಿಬಿಡುವುದಿಲ್ಲ, ಬೇರೆ ಅಭಿಪ್ರಾಯದವರಿಗೂ ಅದೇ ಸೈರಣೆ ತೋರಿಸಬೇಕು ಎಂದರು. ಇದು ಟ್ರಂಪ್ ಅವರಿಗೆ ಹೇಳಿದ ಮಾತಲ್ಲ, ಸ್ವಂತ ಪಕ್ಷದ ಕಾರ್ಯಕರ್ತರಿಗೆ ಹೇಳಿದ್ದು. ಕಾನ್ಸಸ್‌ನ ಪುಟ್ಟ ಊರಿನ ಬಿಳಿ ಅಜ್ಜಿಯನ್ನೂ ಶಿಕಾಗೋದ ಕಪ್ಪು ಅತ್ತೆಯನ್ನೂ ಒಂದೇ ಮಾತಿನಲ್ಲಿ ಕೂಡಿಸಿದ್ದು ಅದಕ್ಕಾಗಿ. ನಾಳೆ ತುಣುಕುಗಳಲ್ಲಿ ಓಡುವುದು ಸನ್ನೆ, ಇದಲ್ಲ. ಅದಕ್ಕೆ ನೀವೂ ಕಾರಣ, ನೋಡಿ.

ಬಿಸಿಲುನಾಡು, ಆಗಸ್ಟ್ 22

ಮೂರನೆಯ ದಿನದ ಭಾಷಣ ನನಗೆ ಬೇಕಿಲ್ಲ. ಕಮಲಾ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತ ಟಿಮ್ ವಾಲ್ಜ್ ಮಾತನಾಡುವಾಗ ಎದ್ದು ನಿಂತು, ಅಳುತ್ತಾ, ಅವರು ನಮ್ಮ ಅಪ್ಪ ಎಂದು ಎದೆ ತಟ್ಟಿಕೊಂಡ ಮಗ ಗಸ್ ಸಾಕು. ಆ ಹುಡುಗನನ್ನು ಜಾಲತಾಣದಲ್ಲಿ ಅಣಕಿಸಿದವರೂ ಇದ್ದಾರೆ. ಅವರ ಮನೆಯಲ್ಲಿ ಮಕ್ಕಳಿಲ್ಲವೇ?

ಹಳೆಯ ಮೇಷ್ಟ್ರು, ಆಗಸ್ಟ್ 22

ವಾಲ್ಜ್ ಕಾಲು ಗಂಟೆಯ ಆಚೀಚೆ ಮುಗಿಸಿದರು. ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟು, ಫುಟ್‌ಬಾಲ್ ತರಬೇತಿ ಕೊಟ್ಟವರು. ಅವರ ಹಳೆಯ ಆಟಗಾರರು ಅಂದಿನ ಅಂಗಿ ಬಿಗಿಯಾದರೂ ತೊಟ್ಟು ವೇದಿಕೆಗೆ ಬಂದರು. ಗಂಟೆ ಹೊಡೆಯುವ ಮೊದಲು ಪಾಠ ಮುಗಿಸುವ ಅಭ್ಯಾಸ ಇದ್ದವರಿಗೆ ಮಾತ್ರ ಇದು ಬರುತ್ತದೆ. (ಪಕ್ಷಪಾತ ಇದ್ದರೆ ಇರಲಿ.)

ಬಿಲ್ ಕ್ಲಿಂಟನ್ ಅವರಿಗೆ ಆ ಅಭ್ಯಾಸ ಎಂದೂ ಇರಲಿಲ್ಲ. 1988ರಲ್ಲಿ ಅಟ್ಲಾಂಟಾದಲ್ಲಿ ಅಧ್ಯಕ್ಷ ಸ್ಥಾನಕ್ಕೆ ಡುಕಾಕಿಸ್ ಅವರ ಹೆಸರು ಸೂಚಿಸಲು ನಿಂತು ಅರ್ಧ ಗಂಟೆ ದಾಟಿಸಿದರು. ಕೊನೆಯದಾಗಿ ಎಂಬ ಮಾತು ಬಾಯಿಂದ ಬಿದ್ದಾಗ ಸಭೆ ಹರ್ಷೋದ್ಗಾರ ಮಾಡಿತು. 2012ರಲ್ಲಿ ಶಾರ್ಲಟ್‌ನಲ್ಲಿ ಅದಕ್ಕಿಂತ ಉದ್ದವಾಗಿ ಮಾತನಾಡಿದರೂ ಲೆಕ್ಕವನ್ನು ಕಥೆಯಾಗಿ ಹೇಳಿ ಗೆದ್ದರು. ನಿನ್ನೆ ದನಿ ನಡುಗುತ್ತಿತ್ತು. ಶೀತಲ ಸಮರ ಮುಗಿದ ಮೇಲೆ ಹುಟ್ಟಿದ 5 ಕೋಟಿ 10 ಲಕ್ಷ ಉದ್ಯೋಗಗಳಲ್ಲಿ 5 ಕೋಟಿ ಡೆಮಾಕ್ರಟರ ಕಾಲದವು ಎಂದರು. ಲೆಕ್ಕ ಸರಿಯಿರಬಹುದು. ಅಧ್ಯಕ್ಷರು ಬದಲಾದ ಹೊತ್ತಿಗೆ ಆರ್ಥಿಕ ಹಿಂಜರಿತ ಬಂದದ್ದು, ಕೋವಿಡ್ ಬಂದದ್ದು ಯಾರ ಖಾತೆಗೆ ಎಂಬುದನ್ನು ಅವರು ಹೇಳುವುದಿಲ್ಲ, ನಾವು ಕೇಳಿಕೊಳ್ಳಬೇಕು.

ಗಾಳಿಯೂರು (ಶಿಕಾಗೋ), ಆಗಸ್ಟ್ 22

ಇಲ್ಲಿ ಓದುತ್ತಿರುವ ವಿದ್ಯಾರ್ಥಿ ನಾನು. ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ, ಈಗ ಬರೆಯಬೇಕೆನಿಸಿತು. ಸೋಮವಾರ ಯೂನಿಯನ್ ಪಾರ್ಕ್‌ನಿಂದ ಹೊರಟ ಮೆರವಣಿಗೆಯಲ್ಲಿದ್ದೆ. ಸಂಘಟಕರು ನಿರೀಕ್ಷಿಸಿದ್ದ ಹತ್ತಾರು ಸಾವಿರ ಜನ ಬರಲಿಲ್ಲ, ಕೆಲವು ಸಾವಿರವಿತ್ತು. ಬೇಲಿ ಮುರಿದವರು ಬೆರಳೆಣಿಕೆಯವರು, ವಾಹಿನಿಗಳು ತೋರಿಸಿದ್ದು ಅವರನ್ನೇ.

ನಾನು ಹೇಳಬೇಕಾದದ್ದು ಬೇರೆ. ಮೇಷ್ಟ್ರು ಮೊದಲ ದಿನ ಕಾಯುತ್ತಿರುತ್ತೇನೆ ಎಂದರಲ್ಲ, ಅದಕ್ಕೆ ಉತ್ತರ. ಬುಧವಾರ ರಾತ್ರಿ ಹಮಾಸ್‌ನ ಒತ್ತೆಯಲ್ಲಿರುವ ಹರ್ಷ್ ಗೋಲ್ಡ್‌ಬರ್ಗ್ ಪೋಲಿನ್ ಎಂಬ ಯುವಕನ ತಂದೆ ತಾಯಿ ವೇದಿಕೆಗೆ ಬಂದರು. ತಾಯಿ ಒಂದು ಕ್ಷಣ ಮಾತನಾಡಲಾಗದೆ ಮುಂದಿದ್ದ ಮೇಜಿನ ಮೇಲೆ ತಲೆಯಿಟ್ಟರು. ನೋವಿನ ಸ್ಪರ್ಧೆಯಲ್ಲಿ ಗೆಲ್ಲುವವರಿಲ್ಲ ಎಂದು ತಂದೆ ಹೇಳಿದರು, ಗಾಜಾದವರ ಸಂಕಟವನ್ನೂ ಹೆಸರಿಸಿದರು. ಈ ಮೂರು ದಿನಗಳಲ್ಲಿ ಇದಕ್ಕಿಂತ ಪ್ರಾಮಾಣಿಕ ಮಾತು ನಾನು ಕೇಳಲಿಲ್ಲ.

ಯಾರಿಗೂ ಬದ್ಧರಲ್ಲ ಎಂದು ಆಯ್ಕೆಯಾಗಿ ಬಂದ ಪ್ರತಿನಿಧಿಗಳು ಕೇಳಿದ್ದು ಒಬ್ಬ ಪ್ಯಾಲೆಸ್ತೀನಿ ಅಮೆರಿಕನ್‌ಗೆ ಕೆಲವೇ ನಿಮಿಷಗಳನ್ನು. ಒತ್ತೆಯಾಳುಗಳ ಕುಟುಂಬಕ್ಕೆ ಅವಕಾಶ ಕೊಟ್ಟಿದ್ದನ್ನು ಅವರೂ ಸ್ವಾಗತಿಸಿದರು. ಪಕ್ಷ ಇಲ್ಲ ಎಂದಿತು. ರಾತ್ರಿಯಿಡೀ ಸಭಾಂಗಣದ ಹೊರಗೆ ಕಾಲುದಾರಿಯ ಮೇಲೆ ಧರಣಿ ಕುಳಿತರು. ಜಾರ್ಜಿಯಾದ ಶಾಸಕಿ ರುವಾ ರೊಮ್ಮನ್ ಭಾಷಣ ಬರೆದು ಸಿದ್ಧವಾಗಿದ್ದರು. ಅದು ಈಗ ಅಚ್ಚಾಗಿದೆ, ಓದಿ. ತನ್ನ ಅಜ್ಜನ ನೆನಪಿದೆ, ಕದನ ವಿರಾಮದ ಬೇಡಿಕೆಯಿದೆ, ಕಡೆಯಲ್ಲಿ ಕಮಲಾ ಹ್ಯಾರಿಸ್ ಅವರನ್ನು ಗೆಲ್ಲಿಸೋಣ ಎಂಬ ಕರೆಯಿದೆ. ಬೈಗುಳ ಒಂದೂ ಇಲ್ಲ. ಈ ಭಾಷಣಕ್ಕೆ ಹೆದರಿದರಲ್ಲ!

ಟೆಕ್ಸಾಸ್‌ವಾಸಿ, ಆಗಸ್ಟ್ 22

ತಮ್ಮಾ, ನಿನ್ನ ಕಳಕಳಿ ಅರ್ಥವಾಗುತ್ತದೆ. ಆದರೆ ಇದು ಸಂಸತ್ತಲ್ಲ, ಪಕ್ಷದ ಜಾಹೀರಾತು. ಹಣ ಅವರದು, ವೇದಿಕೆ ಅವರದು. ಕೈಗೆ ಮೈಕು ಬಂದ ಮೇಲೆ ಬರೆದದ್ದನ್ನೇ ಓದುತ್ತಾರೆ ಎಂಬುದಕ್ಕೆ ಖಾತರಿಯೇನು? 2016ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಟೆಡ್ ಕ್ರೂಜ್ ಅವರಿಗೆ ನಮ್ಮವರು ಅವಕಾಶ ಕೊಟ್ಟರು. ಟ್ರಂಪ್ ಅವರನ್ನು ಬೆಂಬಲಿಸದೆ, ಆತ್ಮಸಾಕ್ಷಿಗೆ ಮತ ಹಾಕಿ ಎಂದು ಹೇಳಿ ಛೀಮಾರಿ ಹಾಕಿಸಿಕೊಂಡು ಇಳಿದರು. ಮರುದಿನದ ಸುದ್ದಿಯೆಲ್ಲ ಅದೇ.

ಮಿಷಿಗನ್ ಕನ್ನಡತಿ, ಆಗಸ್ಟ್ 22

ಆ ಸುದ್ದಿಯ ನಂತರವೂ ಟ್ರಂಪ್ ಗೆದ್ದರು ಎಂಬುದನ್ನು ಬಿಟ್ಟಿರಿ. ಈ ವಾರ ಎಷ್ಟು ಜನ ರಿಪಬ್ಲಿಕನ್ನರಿಗೆ ಮೈಕು ಸಿಕ್ಕಿದೆ ಗಮನಿಸಿ. ಅರಿಜೋನಾದ ಮೇಸಾ ನಗರದ ಮೇಯರ್, ಜಾರ್ಜಿಯಾದ ಮಾಜಿ ಉಪ ರಾಜ್ಯಪಾಲ, ಟ್ರಂಪ್ ಅವರ ಪತ್ರಿಕಾ ಕಾರ್ಯದರ್ಶಿಯಾಗಿದ್ದವರು, ಇವತ್ತು ಮಾಜಿ ಸಂಸದ ಆಡಂ ಕಿಂಜಿಂಗರ್. ಪಕ್ಕದ ಮನೆಯವರಿಗೆ ಎಲೆ ಹಾಕಿ ಸ್ವಂತ ಮನೆಯವರನ್ನು ಜಗಲಿಯಲ್ಲಿ ಕೂರಿಸಿದರು. ನಮ್ಮ ರಾಜ್ಯದ ಸಂಸದೆ ರಶೀದಾ ತ್ಲೈಬ್ ಕಾಂಗ್ರೆಸ್ಸಿನಲ್ಲಿರುವ ಏಕೈಕ ಪ್ಯಾಲೆಸ್ತೀನಿ ಅಮೆರಿಕನ್, ಅವರೂ ವೇದಿಕೆಯಲ್ಲಿಲ್ಲ. ಅವರ ಪಕ್ಕದ ಕ್ಷೇತ್ರದ ಸಂಸದ ಶ್ರೀ ಥಾನೇದಾರ್ ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರು, ಇಸ್ರೇಲ್ ವಿಷಯದಲ್ಲಿ ತ್ಲೈಬ್ ಅವರಿಗೆ ನೇರ ವಿರುದ್ಧ. ಒಂದೇ ಊರಿನ ಆಚೆ ಬದಿ ಈಚೆ ಬದಿ ಇಬ್ಬರು ಹೀಗಿರುವಾಗ ಪಕ್ಷದ ತಲೆನೋವು ನನಗೆ ತಿಳಿಯದೆ ಇಲ್ಲ. ಆದರೂ ಮೂರು ನಿಮಿಷ!

ತುಂಗಾತೀರ, ಆಗಸ್ಟ್ 23

ಕಮಲಾ ಅವರ ಭಾಷಣ ಮುಗಿಯಿತು. ನಲವತ್ತು ನಿಮಿಷವೂ ಆಗಲಿಲ್ಲ. ನನಗೆ ಇಷ್ಟವಾಯಿತು. ಐದಡಿ ಎತ್ತರದ, ಕಂದು ಬಣ್ಣದ, ಮಾತಿನಲ್ಲಿ ಬೇರೆ ನಾಡಿನ ಛಾಯೆಯಿದ್ದ ತಾಯಿಯನ್ನು ಜನ ಹೇಗೆ ನಡೆಸಿಕೊಳ್ಳುತ್ತಿದ್ದರು ಎಂಬುದನ್ನು ನೋಡುತ್ತಾ ಬೆಳೆದೆ ಎಂದ ಭಾಗ ಚೆನ್ನಾಗಿತ್ತು. ತಾಯಿ ಗೊಣಗಲಿಲ್ಲವಂತೆ.

ಹಳೆಯ ಮೇಷ್ಟ್ರು, ಆಗಸ್ಟ್ 23

ಮೊದಲರ್ಧ ಮಗಳ ಭಾಷಣ, ಎರಡನೆಯದು ಸರ್ಕಾರಿ ವಕೀಲೆಯದು. ಟ್ರಂಪ್ ಗಂಭೀರ ಮನುಷ್ಯರಲ್ಲ, ಆದರೆ ಅವರನ್ನು ಮತ್ತೆ ಶ್ವೇತಭವನಕ್ಕೆ ಕಳುಹಿಸುವುದರ ಪರಿಣಾಮ ಬಹಳ ಗಂಭೀರ ಎಂದ ವಾಕ್ಯ ತೂಗಿ ಇಟ್ಟಂತಿತ್ತು. ಜಗತ್ತಿನಲ್ಲೇ ಅತ್ಯಂತ ಮಾರಕ ಸೇನೆ ನಮ್ಮದಾಗಿರುವಂತೆ ನೋಡಿಕೊಳ್ಳುತ್ತೇನೆ ಎಂದದ್ದು ಸಭಾಂಗಣದವರಿಗಲ್ಲ, ಮನೆಯಲ್ಲಿ ಕುಳಿತ ರಿಪಬ್ಲಿಕನ್ ಮತದಾರರಿಗೆ. ಬೆಲೆ ಏರಿಕೆಯ ಬಗ್ಗೆ ಹೇಳಿದ್ದು ತೀರಾ ತೆಳು, ಅದನ್ನು ಯಾರೂ ಎತ್ತದಿರುವುದು ನನಗೆ ಆಶ್ಚರ್ಯ.

ಗಾಜಾ ಬಂತು. ಇಸ್ರೇಲ್ ತನ್ನನ್ನು ರಕ್ಷಿಸಿಕೊಳ್ಳುವ ಹಕ್ಕಿನ ಪರ ಸದಾ ನಿಲ್ಲುತ್ತೇನೆ ಎಂದರು, ಹತ್ತು ತಿಂಗಳಲ್ಲಿ ಗಾಜಾದಲ್ಲಿ ಆದದ್ದು ಘೋರ ಎಂದರು, ಪ್ಯಾಲೆಸ್ತೀನಿಯರ ಘನತೆ, ಭದ್ರತೆ, ಸ್ವಾತಂತ್ರ್ಯ ಮತ್ತು ಸ್ವಯಂ ನಿರ್ಧಾರದ ಹಕ್ಕಿನ ಮಾತನ್ನೂ ಆಡಿದರು. ಚಪ್ಪಾಳೆ ಜೋರಾಗಿಯೇ ಬಿತ್ತು. ಹಾಗಾದರೆ ಅದನ್ನು ರೊಮ್ಮನ್ ಬಾಯಿಂದ ಕೇಳಲು ಏನು ಅಡ್ಡಿಯಿತ್ತು? ಅವರ ಬಗ್ಗೆ ಇವರು ಮಾತನಾಡಬಹುದು, ಅವರು ಮಾತನಾಡಬಾರದು.

ಒಂದು ಹಳೆಯ ದಿನಾಂಕ ನೆನಪಾಯಿತು. ಕಮಲಾ ಮಾತನಾಡಿದ್ದು ಆಗಸ್ಟ್ 22ರಂದು. ಸರಿಯಾಗಿ ಅರವತ್ತು ವರ್ಷದ ಹಿಂದೆ, 1964ರ ಆಗಸ್ಟ್ 22ರಂದು, ಅಟ್ಲಾಂಟಿಕ್ ಸಿಟಿಯಲ್ಲಿ ಇದೇ ಪಕ್ಷದ ಸಮಿತಿಯೊಂದರ ಮುಂದೆ ಫ್ಯಾನಿ ಲೂ ಹೇಮರ್ ಎಂಬ ಮಿಸಿಸಿಪ್ಪಿಯ ಹತ್ತಿ ಹೊಲದ ಕಪ್ಪು ಹೆಂಗಸು ಸಾಕ್ಷಿ ಹೇಳಿದರು. ಮತದಾರರ ಪಟ್ಟಿಗೆ ಹೆಸರು ಬರೆಸಲು ಹೋದದ್ದಕ್ಕೆ ಕೆಲಸ ಕಳೆದುಕೊಂಡದ್ದು, ಸೆರೆಮನೆಯಲ್ಲಿ ಹೊಡೆತ ತಿಂದದ್ದು ಎಲ್ಲವನ್ನೂ ಹೇಳಿದರು. ದೂರದರ್ಶನದಲ್ಲಿ ನೇರ ಪ್ರಸಾರ. ಅಧ್ಯಕ್ಷ ಲಿಂಡನ್ ಜಾನ್ಸನ್ ಗಾಬರಿಯಾಗಿ ಇದ್ದಕ್ಕಿದ್ದಂತೆ ಪತ್ರಿಕಾಗೋಷ್ಠಿ ಕರೆದರು, ಕ್ಯಾಮೆರಾಗಳೆಲ್ಲ ಅತ್ತ ತಿರುಗಿದವು. ಆದರೆ ವಾಹಿನಿಗಳು ಸಂಜೆಯ ಸುದ್ದಿಯಲ್ಲಿ ಹೇಮರ್ ಅವರ ಸಾಕ್ಷ್ಯವನ್ನೇ ತೋರಿಸಿದವು, ಇಡೀ ದೇಶ ಆರಾಮವಾಗಿ ಕುಳಿತು ನೋಡಿತು. ರಾಜ್ಯದ ಬಿಳಿಯರ ನಿಯೋಗದ ಬದಲು ತಮ್ಮನ್ನು ಸೇರಿಸಿ ಎಂದು ಕೇಳಿದ್ದ ಅವರ ಗುಂಪಿಗೆ ಸಮಾವೇಶದಲ್ಲಿ ಎರಡು ಸ್ಥಾನ ಕೊಡುತ್ತೇವೆ ಎಂದರು, ಅವರು ಬೇಡವೆಂದರು. ಆ ಸಮಾವೇಶದಲ್ಲಿ ಜಾನ್ಸನ್ ಮಾಡಿದ ಒಪ್ಪಿಗೆಯ ಭಾಷಣದ ಒಂದು ವಾಕ್ಯ ಇಲ್ಲಿ ಯಾರಿಗಾದರೂ ನೆನಪಿದ್ದರೆ ಬರೆಯಿರಿ.

ಟೆಕ್ಸಾಸ್‌ವಾಸಿ, ಆಗಸ್ಟ್ 23

ನೆನಪಿಲ್ಲ. ಆದರೆ ನಮ್ಮ ಟೆಕ್ಸಾಸ್‌ನ ಆ ಜಾನ್ಸನ್ ನವೆಂಬರಿನಲ್ಲಿ 44 ರಾಜ್ಯಗಳನ್ನು ಗೆದ್ದರು ಎಂಬುದು ನೆನಪಿದೆ. ಮರುವರ್ಷ ಮತದಾನದ ಹಕ್ಕಿನ ಕಾಯ್ದೆಗೆ ಸಹಿ ಹಾಕಿದವರೂ ಅವರೇ. ಗೆದ್ದಿದ್ದರಿಂದ ಹಾಕಿದರು.

ಗಾಳಿಯೂರು, ಆಗಸ್ಟ್ 23

1968ನ್ನು ಹಾರಿಸಿದಿರಿ. ಇದೇ ಊರು, ಇದೇ ಪಕ್ಷ, ಇದೇ ರೀತಿ ದೂರದ ಯುದ್ಧ, ಆಗ ವಿಯೆಟ್ನಾಂ. ಬೀದಿಯಲ್ಲಿ ಪೊಲೀಸರು ಹುಡುಗರಿಗೆ ಬಡಿಯುತ್ತಿದ್ದಾಗ ಒಳಗೆ ಸೆನೆಟರ್ ಏಬ್ರಹಾಂ ರಿಬಿಕಾಫ್ ವೇದಿಕೆಯಿಂದಲೇ ಇದು ನಾಜಿ ಗೂಢಪೊಲೀಸರ ತಂತ್ರ ಎಂದರು. ಕೆಳಗೆ ಕುಳಿತಿದ್ದ ಮೇಯರ್ ಡೇಲಿ ಎದ್ದು ಕಿರುಚಿದರು. ಪ್ರಾಥಮಿಕ ಚುನಾವಣೆಗಳಲ್ಲಿ ಸ್ಪರ್ಧಿಸದೆಯೇ ಅಭ್ಯರ್ಥಿಯಾದ ಹ್ಯೂಬರ್ಟ್ ಹಂಫ್ರಿ ನವೆಂಬರಿನಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ ಅಂತರದಿಂದ ಸೋತರು.

ದೀವಟಿಗೆ, ಆಗಸ್ಟ್ 23

ಇಲ್ಲಿಗೆ ಎಲ್ಲರೂ ತಂತಮ್ಮ ಇಸವಿಯನ್ನು ಆರಿಸಿಕೊಂಡಾಯಿತು. ನನ್ನ ಅಂಕಪಟ್ಟಿ ಬೇಕಾದವರಿಗೆ: ಮಿಷೆಲ್ ಮೊದಲು, ಪೋಲಿನ್ ದಂಪತಿ ಎರಡನೆಯದು, ಕಮಲಾ ಮೂರು, ವಾಲ್ಜ್ ನಾಲ್ಕು. ಮಕ್ಕಳಿಲ್ಲದ, ಬೆಕ್ಕು ಸಾಕುವ ಹೆಂಗಸರು ಎಂದು ವ್ಯಾನ್ಸ್ ಹಿಂದೆ ಅಣಕಿಸಿದ್ದಕ್ಕೆ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೀ ತಿರುಗಿಸಿ ಆಡಿದ ಬೆಕ್ಕಿನ ಮಾತು ಚೆನ್ನಾಗಿತ್ತು, ಉಳಿದದ್ದು ಕೂಗು. ರೊಮ್ಮನ್ ಅವರದ್ದಕ್ಕೆ ಅಂಕ ಕೊಡಲಾರೆ, ಓದಿದ್ದೇನೆ, ಕೇಳಲಿಲ್ಲ.

ತುಂಗಾತೀರ, ನವೆಂಬರ್ 8

ಈ ಎಳೆಯನ್ನು ಮತ್ತೆ ಮೇಲಕ್ಕೆ ತರುತ್ತಿದ್ದೇನೆ, ಕ್ಷಮಿಸಿ. ಡಿಯರ್‌ಬಾರ್ನ್‌ನಲ್ಲಿ ಟ್ರಂಪ್ ಮೊದಲ ಸ್ಥಾನಕ್ಕೆ ಬಂದರಂತೆ. ಮೇಷ್ಟ್ರು ಹೇಳಿದ್ದು ನಿಜವಾಯಿತೇ? ಮೂರು ನಿಮಿಷದ ಭಾಷಣಕ್ಕೆ ಮಿಷಿಗನ್ ಹೋಯಿತೇ?

ಟೆಕ್ಸಾಸ್‌ವಾಸಿ, ನವೆಂಬರ್ 8

ಮಿಷಿಗನ್ ಹೋದದ್ದು ಮೊಟ್ಟೆಯ ಬೆಲೆಗೆ, ಗಡಿಗೆ. ಭಾಷಣಗಳನ್ನು ಅಂಕ ಹಾಕಿ ಅಳೆಯುತ್ತಿದ್ದವರಿಗೆ ಸಮಾಧಾನ ಹೇಳುತ್ತೇನೆ: ಆ ನಾಲ್ಕು ರಾತ್ರಿಗಳ ಯಾವ ಭಾಷಣವೂ ಯಾರ ಮತವನ್ನೂ ಬದಲಿಸಲಿಲ್ಲ. ತೊಂಬತ್ತು ನಿಮಿಷ ಎಂದು ನಕ್ಕಿರಲ್ಲ, ಅವರೇ ಗೆದ್ದರು.

ಹಳೆಯ ಮೇಷ್ಟ್ರು, ನವೆಂಬರ್ 9

ನಾನು ಸೋಲುತ್ತಾರೆ ಎಂದು ಹೇಳಿರಲಿಲ್ಲ, ಅನ್ಯಾಯ ಎಂದಿದ್ದೆ. ಗೆದ್ದಿದ್ದರೂ ಅದನ್ನೇ ಹೇಳುತ್ತಿದ್ದೆ. ಬೆಲೆ ಏರಿಕೆಯ ಮಾತು ತೆಳುವಾಗಿದೆ ಎಂದು ಆಗಲೇ ಬರೆದಿದ್ದೇನೆ, ಮೇಲೆ ನೋಡಿ.

ಮಿಷಿಗನ್ ಕನ್ನಡತಿ, ನವೆಂಬರ್ 9

ಇಬ್ಬರೂ ಲೆಕ್ಕವನ್ನು ಸುಲಭ ಮಾಡುತ್ತಿದ್ದೀರಿ. ನಮ್ಮಲ್ಲಿ ಅಂತರ ಸುಮಾರು ಎಂಬತ್ತು ಸಾವಿರ, ಡಿಯರ್‌ಬಾರ್ನ್ ಒಂದೇ ಊರು ಅಷ್ಟನ್ನು ತುಂಬಲಾರದು. ಏಳೂ ನಿರ್ಣಾಯಕ ರಾಜ್ಯಗಳು ಕೈತಪ್ಪಿದಾಗ ಒಂದೇ ಕಾರಣಕ್ಕೆ ಬೆರಳು ತೋರಿಸುವುದು ಹೇಗೆ? ನನ್ನ ಸಹೋದ್ಯೋಗಿ ಅಧ್ಯಕ್ಷರ ಸಾಲನ್ನು ಖಾಲಿ ಬಿಟ್ಟು ಉಳಿದುದಕ್ಕೆಲ್ಲ ಮತ ಹಾಕಿ ಬಂದಳು.

ಟೆಕ್ಸಾಸ್‌ನವರೇ, ಗಡಿ ಮತ್ತು ಮೊಟ್ಟೆ ಎಂದು ಕೈತೊಳೆದುಕೊಳ್ಳುವ ಮೊದಲು ಎಲಿಸಾ ಸ್ಲಾಟ್‌ಕಿನ್ ಅವರನ್ನು ವಿವರಿಸಿ. ಅದೇ ಗುರುವಾರ ರಾತ್ರಿ, ಕಮಲಾಗಿಂತ ಮೊದಲು, ಅದೇ ವೇದಿಕೆಯಲ್ಲಿ ಮಾತನಾಡಿದ್ದರು. ಇಲ್ಲಿ ಅವರ ಹೆಸರನ್ನು ಒಬ್ಬರೂ ಬರೆಯಲಿಲ್ಲ, ನಾನೂ ಸೇರಿ. ಅದೇ ಮೊಟ್ಟೆ, ಅದೇ ಮತಪತ್ರ, ಅದೇ ಪಕ್ಷ. ಕಮಲಾ ಸೋತ ಮಿಷಿಗನ್‌ನಲ್ಲೇ ಅವರು ಸೆನೆಟ್ ಸ್ಥಾನ ಗೆದ್ದರು. ಅರಿಜೋನಾದಲ್ಲಿ ರೂಬೆನ್ ಗಲ್ಲೇಗೋ ಕೂಡ ಮುಂದಿದ್ದಾರೆ, ಅವರೂ ಆ ರಾತ್ರಿಯವರೇ. ಇದನ್ನು ಯಾವ ಖಾತೆಗೆ ಬರೆಯುತ್ತೀರಿ?